ಆಸ್ಪತ್ರೆಯವರ ಪ್ರಶ್ನಾವಳಿಗೆ ಸಾಲಾಗಿ 5 ಹಾಕುವ ಮುನ್ನ

ಊರಿಂದ ಬಂದ ಅಪ್ಪ-ಅಮ್ಮ ನಾವಿರುವ ಈ ಹೊರದೇಶದಲ್ಲಿ ಆಸ್ಪತ್ರೆ ಸೇರಿದರೆ ಡಿಸ್ಚಾರ್ಜ್ ಹೊತ್ತಿಗೆ ಕೆಲವೆಡೆ ಒಂದು ಪ್ರಶ್ನಾವಳಿ ಕೊಡುತ್ತಾರೆ. "ಪಾಪ, ಚೆನ್ನಾಗಿ ನೋಡಿಕೊಂಡರು" ಅಂತ ನಮ್ಮ ಹಿರಿಯರು ಎಲ್ಲದಕ್ಕೂ 5 ಹಾಕಿಬಿಡುತ್ತಾರೆ. ಹಾಗೆ ಮಾಡಿದರೆ ನಮ್ಮಂಥವರಿಗೆ ಏನು ಕೊರತೆಯಾಯಿತು ಎಂಬುದು ಎಲ್ಲೂ ದಾಖಲಾಗುವುದೇ ಇಲ್ಲ.

ಶುಶ್ರೂಷಾ ಸಂಶೋಧನೆಯಲ್ಲಿ ಬಹಳ ದೇಶಗಳಲ್ಲಿ ಬಳಸಿರುವುದು ಫಿನ್‌ಲೆಂಡಿನ ರೀಟಾ ಸುಹೋನೆನ್ ಮತ್ತು ಸಂಗಡಿಗರು ರೂಪಿಸಿದ 'ಇಂಡಿವಿಜುವಲೈಸ್ಡ್ ಕೇರ್ ಸ್ಕೇಲ್', ಅಂದರೆ ಆರೈಕೆ ಆಯಾ ರೋಗಿಗೆ ತಕ್ಕಂತಿತ್ತೇ ಎಂದು ಅಳೆಯುವ ಇಂಥದೇ ಒಂದು ಪ್ರಶ್ನಾವಳಿ. ಅದರಲ್ಲಿ ಎರಡು ಭಾಗ, ತಲಾ 17 ಹೇಳಿಕೆ, ಅಂಕ 1ರಿಂದ (ಒಪ್ಪುವುದೇ ಇಲ್ಲ) 5ರವರೆಗೆ (ಪೂರ್ತಿ ಒಪ್ಪುತ್ತೇನೆ). ನರ್ಸ್ ನಿಮ್ಮನ್ನು ವಿಚಾರಿಸಿದರೇ ಎಂಬುದು ಮೊದಲ ಭಾಗ. ಸಿಕ್ಕ ಆರೈಕೆ ಅದಕ್ಕೆ ತಕ್ಕಂತಿತ್ತೇ ಎಂಬುದು ಎರಡನೆಯದು. 17ರಲ್ಲಿ 7 ಕಾಯಿಲೆಯ ಬಗ್ಗೆ, 6 ನಿರ್ಧಾರಗಳ ಬಗ್ಗೆ, 4 ಮಾತ್ರ ರೋಗಿಯ ಸ್ವಂತ ಬದುಕಿನ ಬಗ್ಗೆ: ದಿನಚರಿ, ರೂಢಿ, ಹಿಂದಿನ ಆಸ್ಪತ್ರೆ ಅನುಭವ, ಮನೆಯವರ ಪಾತ್ರ. ಸಾಮಾನ್ಯವಾಗಿ ಅತಿ ಕಡಿಮೆ ಅಂಕ ಬೀಳುವುದು ಈ ನಾಲ್ಕಕ್ಕೇ.

ಸ್ನಾನ ಯಾವ ಹೊತ್ತಿಗೆ ಬೇಕೆಂದು ಕೇಳಿದರೇ ಎಂಬ ಹೇಳಿಕೆಯೂ ಈ ಪ್ರಶ್ನಾವಳಿಯಲ್ಲಿದೆ. ಇದನ್ನು ಸಣ್ಣದೆಂದುಕೊಳ್ಳಬೇಡಿ. ಸ್ನಾನವಾಗದೆ ಬಾಯಿಗೆ ಏನೂ ಹಾಕದ ಅಜ್ಜಿಗೆ ವಾರ್ಡಿನಲ್ಲಿ ತಿಂಡಿ ಮೊದಲು, ಸ್ನಾನ ಆಮೇಲೆ. ತಟ್ಟೆ ಹಾಗೇ ವಾಪಸ್ ಹೋಗುತ್ತದೆ, ಚಾರ್ಟಿನಲ್ಲಿ 'ಹಸಿವಿಲ್ಲ' ಎಂದಾಗುತ್ತದೆ. ತಿಂಡಿಗೆ ಮುಂಚಿನ ಇನ್ಸುಲಿನ್ ಕೊಟ್ಟಾಗಿದ್ದರೆ ಸಕ್ಕರೆ ಕುಸಿಯುತ್ತದೆ. ಭರ್ತಿಯಾದ ದಿನವೇ ಇದನ್ನು ನರ್ಸ್‌ಗೆ ಹೇಳಿ ಬರೆಸಿ. ಆಮೇಲೂ ಬದಲಾಗದಿದ್ದರೆ ಸಂಕೋಚವಿಲ್ಲದೆ 1 ಅಥವಾ 2 ಹಾಕಿ.

ಫಾರಂ ತುಂಬುವಾಗ ನರ್ಸ್ ಪಕ್ಕದಲ್ಲಿ ನಿಂತಿರಬಾರದು. ಉತ್ತರ ಹಿರಿಯರದ್ದೇ ಆಗಿರಲಿ, ನೀವು ಓದಿ ಹೇಳಿದರೆ ಸಾಕು. ಮಕ್ಕಳನ್ನಂತೂ ದುಭಾಷಿ ಮಾಡಬೇಡಿ. ಹತ್ತು ವರ್ಷದ ಮಗು ಅಜ್ಜಿಯ ಮೂತ್ರದ ತೊಂದರೆಯನ್ನು ಅನುವಾದಿಸುವಾಗ ಅಜ್ಜಿ ಅರ್ಧ ಮುಚ್ಚಿಡುತ್ತಾರೆ, ಮಗು ಇನ್ನರ್ಧ ಬಿಡುತ್ತದೆ. ದುಭಾಷಿ ಬೇಕೆಂದು ಕೇಳುವಾಗ 'ಇಂಡಿಯನ್' ಎನ್ನದೆ 'ಕನ್ನಡ' ಎಂದೇ ಹೇಳಿ, ಇಲ್ಲದಿದ್ದರೆ ಹಿಂದಿಯವರು ಬರುತ್ತಾರೆ.

ಪ್ರತಿಕ್ರಿಯೆ:
ಇಲ್ಲಿ ನರ್ಸಿಂಗ್ ಓದುತ್ತಾ ಕನ್ನಡದಲ್ಲಿ ಇಂಥ ಮಾಪನ ಮಾಡಹೊರಟವರಿಗೆ ಒಂದು ಮಾತು. ಮೂಲ ಕರ್ತೃಗಳ ಅನುಮತಿ ಪಡೆದು, ಇಬ್ಬರಿಂದ ಬೇರೆಬೇರೆಯಾಗಿ ಅನುವಾದ ಮಾಡಿಸಿ, ಮೂಲ ನೋಡದ ಮೂರನೆಯವರಿಂದ ಇಂಗ್ಲಿಷಿಗೆ ಮರಳಿ ಮಾಡಿಸಿ. ನಂತರ ಐದಾರು ರೋಗಿಗಳಿಗೆ ಓದಿ, "ಇದರಿಂದ ನಿಮಗೇನು ತಿಳಿಯಿತು?" ಅಂತ ಕೇಳಿ. ಎಡವುವುದೆಲ್ಲ ಅಲ್ಲೇ ಸಿಗುತ್ತದೆ.

ಮನೆಯವರಿಗೆ ಆರೈಕೆಯಲ್ಲಿ ಭಾಗವಹಿಸಲು ಅವಕಾಶ ಕೊಟ್ಟರೇ ಎಂಬ ಹೇಳಿಕೆ ನೋಡಿ. ಫಿನ್‌ಲೆಂಡಿನಲ್ಲಿ ಅದು ನರ್ಸ್ ಮುಂದಿಡುವ ಆಯ್ಕೆ. ನಮ್ಮೂರ ಜಿಲ್ಲಾಸ್ಪತ್ರೆಯಲ್ಲಿ ಊಟ ಮಾಡಿಸುವುದು, ಬೆಡ್‌ಪ್ಯಾನ್ ಇಡುವುದು, ಔಷಧ ತರಲು ಓಡುವುದು ಎಲ್ಲ ಜೊತೆಗಿರುವವರದೇ ಪಾಡು. ಎರಡೂ ಕಡೆ 5 ಬಂದರೂ ಅಳೆದದ್ದು ಒಂದೇ ಅಲ್ಲ. ಆದ್ದರಿಂದ ಕ್ರಾನ್‌ಬಾಕ್ ಆಲ್ಫಾ (ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ) 0.70 ದಾಟಿತೆಂದು ಎರಡು ದೇಶಗಳ ಸರಾಸರಿಯನ್ನು ಅಕ್ಕಪಕ್ಕ ಇಡಬೇಡಿ. ಮೊದಲು ಅಂಶಗಳ ರಚನೆ (ಯಾವ ಹೇಳಿಕೆ ಯಾವ ಗುಂಪಿಗೆ ಸೇರುತ್ತದೆ), ಆಮೇಲೆ ಲೋಡಿಂಗ್ (ಹೇಳಿಕೆಗೂ ಅದರ ಅಂಶಕ್ಕೂ ಇರುವ ನಂಟಿನ ಬಲ), ಕೊನೆಗೆ ಇಂಟರ್‌ಸೆಪ್ಟ್ (ಆರೈಕೆ ಒಂದೇ ಮಟ್ಟದ್ದಾದಾಗ ಹೇಳಿಕೆಗೆ ಬೀಳುವ ಅಂಕ) ಎರಡೂ ದೇಶದ ಗುಂಪಿಗೆ ಸಮವೇ ಎಂದು ಈ ಕ್ರಮದಲ್ಲೇ ಪರೀಕ್ಷಿಸಿ. ಇಂಟರ್‌ಸೆಪ್ಟ್ ಸಮವಾಗದಿದ್ದರೆ ಯಾವ ಹೇಳಿಕೆಯಿಂದ ಹಾಗಾಯಿತೆಂದು ಹುಡುಕಿ ವರದಿಯಲ್ಲಿ ಬರೆಯಿರಿ. ಫಾರಂ ತುಂಬಿದವರು ರೋಗಿಯೋ ಮನೆಯವರೋ ಎಂಬುದಕ್ಕೂ ಒಂದು ಕಾಲಂ ಇರಲಿ.