ಪದಚರ್ಚೆ: ‘ಕಟ್ ಮೋಷನ್’ಗೆ ಫಲಕದಲ್ಲಿ ಏನು ಬರೆಯಲಿ? ನಾಳೆಯೊಳಗೆ ಬೇಕು

ಕೊಪ್ಪಳದಿಂದ:
ಗೆಳೆಯರೇ, ನಮ್ಮ ಶಾಲೆಯಲ್ಲಿ ಮಕ್ಕಳ ಅಣಕು ವಿಧಾನಸಭೆ ಇದೆ. ಈ ಸಲ ಬಜೆಟ್ ಅಧಿವೇಶನ. ‘ಧನವಿನಿಯೋಗ ವಿಧೇಯಕ’, ‘ಲೇಖಾನುದಾನ’ ಫಲಕಗಳು ಆಗಿವೆ. ‘ಕಟ್ ಮೋಷನ್’ ಒಂದು ಉಳಿದಿದೆ, ಅಂದ್ರೆ ಇಲಾಖೆ ಕೇಳಿದ ಹಣವನ್ನು ಇಳಿಸಿ ಅಂತ ಸದನದಲ್ಲಿ ತರುವ ಸೂಚನೆ. ‘ಕಡಿತ ಸೂಚನೆ’ ಅಂತ ಬರೆದು ಗೋಡೆಗೆ ಅಂಟಿಸಿದ್ದೆ. ಎಂಟನೇ ತರಗತಿಯ ಹುಡುಗಿ ಓದಿ, ‘ಟೀಚರ್, ಕರೆಂಟ್ ಎಷ್ಟು ಗಂಟೆಗೆ ಹೋಗ್ತದ್ರೀ?’ ಅಂದಳು. ಫ್ಲೆಕ್ಸ್ ಅಂಗಡಿಗೆ ನಾಳೆ ಬೆಳಿಗ್ಗೆ ಹೇಳಬೇಕು.

ರಾಯಚೂರಿನಿಂದ:
‘ಖೋತಾ ಸೂಚನೆ’ ಅಂತ ಹಾಕಿ ಟೀಚರ್. ಸಂಬಳ ಖೋತಾ ಅಂದ್ರೆ ಯಾರಿಗೆ ಗೊತ್ತಿಲ್ಲ?

ಬಳ್ಳಾರಿಯಿಂದ:
ಬೇಡ. ಖೋತಾ ಬಜೆಟ್ ಅಂದ್ರೆ ಆದಾಯಕ್ಕಿಂತ ಖರ್ಚು ಜಾಸ್ತಿ ಇರುವ ಬಜೆಟ್. ಅದೇ ಪದ ಇಲ್ಲೂ ತಂದರೆ ಗೊಂದಲ. ‘ಕಡಿತ’ವೇ ಸರಿ. ಹಿಂದೆ ಲೆಕ್ಕ ಬರೆಯುತ್ತಿದ್ದ ಬಟ್ಟೆ ಪುಸ್ತಕಕ್ಕೂ ಕಡಿತ ಅಂತಲೇ ಹೆಸರು. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡಿತಗಳು ಹೆಸರಾದವು. ಆಫೀಸಿನ ‘ಕಡತ’ವೂ ಅದೇ. ಲೆಕ್ಕ ಕೇಳುವ ಸದನಕ್ಕೆ ಇದಕ್ಕಿಂತ ಒಳ್ಳೆ ಪದ ಬೇಕಾ?

ರಾಯಚೂರಿನಿಂದ:
ಪುಸ್ತಕದ ಕಡಿತ ಬೇರೆ, ಕಡಿಯುವ ಕಡಿತ ಬೇರೆ. ಸುಮ್ನೆ ಗಂಟು ಹಾಕಬೇಡಿ. ಖ ಕಂಡರೆ ನಿಮಗೆ ಯಾಕೆ ಸಿಟ್ಟು? ನಾವು 1956ರ ತನಕ ಹೈದರಾಬಾದ್ ರಾಜ್ಯದಲ್ಲಿದ್ದವರು. ಜಮಾ, ಖರ್ಚು, ಬಾಕಿ, ಮಂಜೂರು, ಖಜಾನೆ ಬಿಟ್ಟು ನಮ್ಮಜ್ಜಿ ಸಂತೆ ಲೆಕ್ಕವನ್ನೂ ಹೇಳುತ್ತಿರಲಿಲ್ಲ. ಇವು ನಮ್ಮ ಮನೆ ಮಾತು, ಬೇರೆ ಭಾಷೆಯಿಂದ ಎರವಲು ತಂದ ಪದ ಅಲ್ಲ.

ಬಳ್ಳಾರಿಯಿಂದ:
ನಾವೂ 1953ರ ತನಕ ಮದ್ರಾಸಿನಲ್ಲಿದ್ದೆವು. ಅದು ವಾದ ಅಲ್ಲ. ‘ಅಡ್ಜರ್ನ್‌ಮೆಂಟ್ ಮೋಷನ್’ಗೆ ‘ನಿಲುವಳಿ ಸೂಚನೆ’ ಅನ್ನುವುದು ಸದನದಲ್ಲಿ ಎಷ್ಟು ಚೆನ್ನಾಗಿ ಊರಿಕೊಂಡಿದೆ ನೋಡಿ. ಕನ್ನಡದ ಪದ ಇರುವಾಗ ಅದನ್ನೇ ಬಳಸಬೇಕು.

ಗಂಗಾವತಿಯಿಂದ:
ಇಬ್ಬರೂ ಅರ್ಥವನ್ನೇ ಬಿಟ್ಟಿರಿ. ಇದು ಬರೀ ದುಡ್ಡು ಉಳಿಸುವ ಮಾತಲ್ಲ. ಲೋಕಸಭೆಯ ನಿಯಮದಲ್ಲಿ ಮೂರು ಬಗೆ ಇದೆ. ಖರ್ಚು ಕಡಿಮೆ ಮಾಡಿ ಅನ್ನುವುದು ಒಂದು. ನೀತಿಯೇ ಬೇಡ ಅಂದ್ರೆ ಇಲಾಖೆಯ ಹಣದ ಬೇಡಿಕೆಯನ್ನು 1 ರೂಪಾಯಿಗೆ ಇಳಿಸಿ ಅಂತ ಕೇಳುತ್ತಾರೆ. ಒಂದು ದೂರು ಹೇಳಬೇಕಿದ್ದರೆ 100 ರೂಪಾಯಿ ಕಳೆಯಿರಿ ಅಂತ. ಕೋಟಿಗಟ್ಟಲೆ ಬೇಡಿಕೆಯಲ್ಲಿ ಆ ನೂರು ರೂಪಾಯಿ ಲೆಕ್ಕಕ್ಕೇ ಇಲ್ಲ. ಆದರೆ ಅದರ ನೆಪದಲ್ಲಿ ಮಂತ್ರಿ ಎದ್ದು ಉತ್ತರ ಕೊಡಬೇಕಾಗುತ್ತದೆ. ಬೇಡಿಕೆಯನ್ನು ಸದನ ಇಳಿಸಬಹುದು, ತಿರಸ್ಕರಿಸಬಹುದು, ಏರಿಸುವ ಹಾಗಿಲ್ಲ. ಹಾಗಾಗಿ ಯಾವುದರ ಕಡಿತ ಅಂತ ಫಲಕದಲ್ಲೇ ಇರಲಿ ಟೀಚರ್: ‘ಅನುದಾನ ಕಡಿತ ಸೂಚನೆ’.

ಕೊಪ್ಪಳದಿಂದ:
ಇದನ್ನೇ ಹಾಕಿಸುತ್ತೇನೆ. ನೂರು ರೂಪಾಯಿಯ ಸೂಚನೆ ಆ ಹುಡುಗಿಯೇ ಮಂಡಿಸಲಿ. ನೀರಿನ ಟ್ಯಾಂಕಿನ ಬಗ್ಗೆ ಕೇಳ್ತೀನಿ ಅಂದಿದ್ದಾಳೆ.

ರಾಯಚೂರಿನಿಂದ:
‘ಅನುದಾನ’, ‘ಸೂಚನೆ’ ಎರಡೂ ಸಂಸ್ಕೃತ ಅಲ್ವಾ? ಅದಕ್ಕೆ ಯಾರೂ ತಕರಾರು ಮಾಡಲಿಲ್ಲ.