ಸಣ್ಣ ವ್ಯಾಪಾರದ ಸೈಟಿಗೆ ಪುಟದ ವಿಳಾಸ ಹೇಗಿರಬೇಕು? ಹಳೆಯದನ್ನು ಬದಲಿಸಬಹುದೇ?

ಹೊಸಪುಟ:

ನೀರಿನ ಫಿಲ್ಟರ್ ಮಾರಿ, ದುರಸ್ತಿಯನ್ನೂ ಮಾಡುವ ಚಿಕ್ಕ ಸಂಸ್ಥೆಯ ಸೈಟ್. ವರ್ಡ್‌ಪ್ರೆಸ್ ಎಂಬ ಸೈಟ್ ಕಟ್ಟುವ ತಂತ್ರಾಂಶದಲ್ಲಿದೆ. ಸುಮಾರು 60 ಪುಟ: ಐದು ಸೇವೆ, ಮೂವತ್ತು ಬಿಡಿಭಾಗ, ಮಿಕ್ಕಿದ್ದು ಲೇಖನ. ವಿಳಾಸಗಳು ಒಂದೊಂದು ಒಂದೊಂದು ಥರ. ಲೇಖನಗಳ ಮುಂದೆ ವರ್ಷ, ತಿಂಗಳು. ಸೇವೆಯ ಪುಟಗಳಿಗೆ ಇಡೀ ಶೀರ್ಷಿಕೆಯೇ ಬಾಲ. ಹಳೆಯ ಕರಪತ್ರದಲ್ಲಿ ಅಚ್ಚಾಗಿರುವುದು ಪ್ರಶ್ನೆ ಚಿಹ್ನೆ, ಅದರ ಮುಂದೊಂದು ಪುಟ ಸಂಖ್ಯೆ ಇರುವ ವಿಳಾಸ.

ಕೇಳಬೇಕಾದ್ದು ಮೂರು. ಒಳ್ಳೆಯ ವಿಳಾಸ ಎಂದರೆ ಹೇಗಿರಬೇಕು? ಈಗಿರುವುದನ್ನು ಬದಲಿಸಿದರೆ ಗೂಗಲ್‌ನಲ್ಲಿ ಇರುವ ಜಾಗವೂ ಹೋಗುತ್ತದೆಯೇ? ಕನ್ನಡ ಲೇಖನಗಳಿಗೆ ಕನ್ನಡ ಲಿಪಿಯಲ್ಲೇ ವಿಳಾಸ ಕೊಡಬಹುದೇ?

ಓರೆಗೆರೆ:

ಮೊದಲನೆಯದಕ್ಕೆ ನಾನು ಹೇಳುತ್ತೇನೆ. (ಉದಾಹರಣೆಗಳನ್ನು ಓದಲು ಸುಲಭವಾಗಲಿ ಎಂದು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಸೈಟಿನಲ್ಲಿ ಇಂಗ್ಲಿಷ್ ಅಕ್ಷರ ಎಂದುಕೊಳ್ಳಿ.)

ವಿಳಾಸದೊಳಗೆ ಪದ ತುರುಕಿದ ಮಾತ್ರಕ್ಕೆ ಪುಟ ಮೇಲೇರುವುದಿಲ್ಲ. ಅದರ ತೂಕ ತೀರಾ ಕಡಿಮೆ ಎಂದು ಗೂಗಲ್‌ನವರೇ ಹಲವು ಸಲ ಹೇಳಿದ್ದಾರೆ. 2025ರ ಜನವರಿಯಿಂದ ಮೊಬೈಲ್ ಫಲಿತಾಂಶಗಳಲ್ಲಿ ಡೊಮೇನ್ ಹೆಸರು (ಸೈಟಿನ ಮೂಲ ಹೆಸರು) ಬಿಟ್ಟು ಮುಂದಿನ ದಾರಿಯನ್ನು ತೋರಿಸುವುದನ್ನೂ ನಿಲ್ಲಿಸಿದ್ದಾರೆ. ಒಳ್ಳೆಯ ವಿಳಾಸದ ಲಾಭ ಬೇರೆ ಕಡೆ ಇದೆ: ವಾಟ್ಸಾಪ್‌ನಲ್ಲಿ ಬಂದ ಲಿಂಕನ್ನು ಒತ್ತುವ ಮುಂಚೆ ಜನ ಅದನ್ನು ಓದುತ್ತಾರೆ, ಫೋನಿನಲ್ಲಿ ಬಾಯಿಬಿಟ್ಟು ಹೇಳಬೇಕಾಗುತ್ತದೆ, ಬಿಲ್ಲಿನ ಕೆಳಗೆ ಅಚ್ಚು ಹಾಕಬೇಕಾಗುತ್ತದೆ.

ಅಳತೆ ಇಷ್ಟೇ: ಎರಡರಿಂದ ನಾಲ್ಕು ಪದ, ಎಲ್ಲ ಸಣ್ಣಕ್ಷರ, ನಡುವೆ ಹೈಫನ್. ಅಂಡರ್‌ಸ್ಕೋರ್ ಬೇಡ. ಹೈಫನ್ ಇದ್ದಲ್ಲಿ ಪದ ಬಿಡಿಯಾಗುತ್ತದೆ. ಅಂಡರ್‌ಸ್ಕೋರ್ ಪದಗಳನ್ನು ಅಂಟಿಸಿದಂತೆ, ಮೇಲಾಗಿ ಅಡಿಗೆರೆ ಎಳೆದ ಲಿಂಕಿನಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಸಣ್ಣಕ್ಷರವೇ ಯಾಕೆಂದರೆ, ಡೊಮೇನ್ ಹೆಸರಿನಲ್ಲಿ ದೊಡ್ಡದು ಸಣ್ಣದು ಎರಡೂ ಒಂದೇ ಆದರೂ ಅದರ ಮುಂದಿನ ಭಾಗದಲ್ಲಿ ಅವು ಎರಡು ಬೇರೆ ವಿಳಾಸ.

"/ಉತ್ತಮ-ಕಡಿಮೆ-ದರದ-ನೀರಿನ-ಫಿಲ್ಟರ್-ದುರಸ್ತಿ-ಸೇವೆ-2023" ಎಂಬುದು "/ಸೇವೆ/ಫಿಲ್ಟರ್-ದುರಸ್ತಿ" ಆದರೆ ಸಾಕು. ಹೊಗಳಿಕೆ, ದರ, ವರ್ಷ, "ಟಾಪ್ 7" ಥರದ ಎಣಿಕೆ, ಇವೆಲ್ಲ ಶೀರ್ಷಿಕೆಯಲ್ಲಿರಲಿ. ಶೀರ್ಷಿಕೆಯನ್ನು ನಾಳೆ ತಿದ್ದಬಹುದು. ವಿಳಾಸ ತಿದ್ದಿದರೆ ಲಿಂಕ್ ಮುರಿಯುತ್ತದೆ. ಹಬ್ಬದ ರಿಯಾಯಿತಿಗೆ ಪ್ರತಿ ವರ್ಷ ಹೊಸ ಪುಟ ಹುಟ್ಟಿಸುವುದೂ ಬೇಡ. "/ರಿಯಾಯಿತಿ" ಎಂಬ ಒಂದೇ ಪುಟ ಇಟ್ಟು ಒಳಗಿನದನ್ನು ಬದಲಿಸಿ, ಹಳೆಯ ಲಿಂಕುಗಳ ಬಲ ಅಲ್ಲೇ ಕೂಡುತ್ತಾ ಹೋಗುತ್ತದೆ.

ಫೋಲ್ಡರ್ ಬೇಕೋ ಬೇಡವೋ ಎಂದು ನೋಡಲು ಒಂದು ಪರೀಕ್ಷೆ: ವಿಳಾಸದ ಕೊನೆಯ ತುಂಡನ್ನು ಅಳಿಸಿ ಎಂಟರ್ ಒತ್ತಿ. "/ಸೇವೆ/" ಎಂದಷ್ಟೇ ಉಳಿದಾಗ ಅಲ್ಲೊಂದು ನಿಜವಾದ ಪಟ್ಟಿ ಪುಟ ಬರಬೇಕು. 404 (ಪುಟ ಸಿಗಲಿಲ್ಲ ಎಂಬ ಸರ್ವರಿನ ಉತ್ತರ) ಬಂದರೆ ಆ ಫೋಲ್ಡರ್ ಬರೀ ಅಲಂಕಾರ. ಬಿಡಿಭಾಗಗಳಿಗಂತೂ ವರ್ಗದ ಹೆಸರನ್ನು ವಿಳಾಸದಲ್ಲಿ ಹಾಕಲೇಬೇಡಿ. "/ಬಿಡಿಭಾಗ/ಕಾರ್ಬನ್-ಕಾರ್ಟ್ರಿಜ್" ಸಾಕು, ನಡುವೆ ಇನ್ನೊಂದು ವರ್ಗ ತೂರಿಸಿದರೆ, ಆ ವಸ್ತುವನ್ನು ಬೇರೆ ವರ್ಗಕ್ಕೆ ಸರಿಸಿದ ದಿನವೇ ವಿಳಾಸವೂ ಬದಲಾಗುತ್ತದೆ.

ವರ್ಡ್‌ಪ್ರೆಸ್‌ನಲ್ಲಿ ಒಂದು ಕಿರಿಕಿರಿ ಇದೆ. ಪುಟಕ್ಕೆ "ಫಿಲ್ಟರ್-ದುರಸ್ತಿ" ಎಂದು ಸ್ಲಗ್ (ವಿಳಾಸದ ಕೊನೆಯ ತುಂಡು) ಕೊಟ್ಟರೂ ಅದು ತಾನಾಗಿ "ಫಿಲ್ಟರ್-ದುರಸ್ತಿ-2" ಆಗಿಬಿಡುತ್ತದೆ. ಅದೇ ಹೆಸರಿನ ಇನ್ನೊಂದು ಪುಟ ಹುಡುಕಿದರೆ ಎಲ್ಲೂ ಸಿಗುವುದಿಲ್ಲ. ಕಾರಣ ಬಹುತೇಕ ಮೀಡಿಯಾ ಲೈಬ್ರರಿಯಲ್ಲಿರುತ್ತದೆ: ಅದೇ ಹೆಸರಿನ ಚಿತ್ರವನ್ನು ಮೊದಲೇ ಏರಿಸಿದ್ದರೆ ಆ ಸ್ಲಗ್ ಚಿತ್ರದ ಪಾಲಾಗಿರುತ್ತದೆ. ಚಿತ್ರದ ಸ್ಲಗ್ ಬದಲಿಸಿ, ಆಮೇಲೆ ಪುಟದ್ದನ್ನು ತಿದ್ದಿ.

ಮುನ್ನೂರೊಂದು:

ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ಹೆಚ್ಚಿನವನ್ನು ಮುಟ್ಟಬೇಡಿ.

ವಿಳಾಸ ಚೆಂದವಿಲ್ಲ ಎಂಬುದು ಬದಲಿಸಲು ಕಾರಣವಲ್ಲ. ಹುಡುಕಾಟದಲ್ಲಿ ಸೈಟ್ ಹೇಗಿದೆ ಎಂದು ತೋರಿಸುವ ಗೂಗಲ್‌ನ ಸಾಧನ ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿಯಲ್ಲಿ 16 ತಿಂಗಳ ಲೆಕ್ಕ ಸಿಗುತ್ತದೆ. ಪುಟಗಳ ಪಟ್ಟಿಯನ್ನು ಇಳಿಸಿಕೊಂಡು, ಪಕ್ಕದಲ್ಲಿ ಲಿಂಕ್ಸ್ ವರದಿಯನ್ನೂ ಇಟ್ಟುಕೊಳ್ಳಿ. ಕ್ಲಿಕ್ ಬರುತ್ತಿರುವ, ಹೊರಗಿನಿಂದ ಲಿಂಕ್ ಇರುವ ಪುಟಗಳನ್ನು ಇದ್ದ ಹಾಗೆ ಬಿಡಿ. ವರ್ಷ-ತಿಂಗಳಿರುವ ಲೇಖನಗಳಿಂದ ನಷ್ಟವೇನೂ ಇಲ್ಲ. ಬದಲಿಸಲು ಅರ್ಹವಾದವು ಸೇವೆಯ ಆ ಐದು ಪುಟ ಮಾತ್ರ, ಅದೂ ಆ ಉದ್ದದ ಬಾಲದಲ್ಲಿ ತಪ್ಪು ವರ್ಷವೋ ಈಗ ಕೊಡದ ಸೇವೆಯೋ ಇದ್ದರೆ.

ವರ್ಡ್‌ಪ್ರೆಸ್ ಸೆಟ್ಟಿಂಗ್ಸ್‌ನ ಪರ್ಮಾಲಿಂಕ್ಸ್ (ವಿಳಾಸದ ವಿನ್ಯಾಸ) ಪುಟದಲ್ಲಿ "ಪೋಸ್ಟ್ ನೇಮ್" ಆರಿಸಿದರೆ ಎಲ್ಲ ಲೇಖನಗಳ ವಿಳಾಸವೂ ಒಂದೇ ಏಟಿಗೆ ಬದಲಾಗುತ್ತದೆ ಎಂಬುದು ನೆನಪಿರಲಿ. ಹೊಸ ಸೈಟಿಗೆ ಅದೇ ಸರಿ. ಓಡುತ್ತಿರುವ ಸೈಟಿನಲ್ಲಿ ರೀಡೈರೆಕ್ಟ್ (ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಏರ್ಪಾಡು) ಸಿದ್ಧವಿಲ್ಲದೆ ಒತ್ತಬೇಡಿ. "ವರ್ಡ್‌ಪ್ರೆಸ್ ತಾನೇ ದಾರಿ ತಿರುಗಿಸುತ್ತದಲ್ಲ" ಎನ್ನುವವರಿದ್ದಾರೆ. ಅರ್ಧ ನಿಜ. ಪ್ರಕಟವಾದ ಪೋಸ್ಟಿನ (ಲೇಖನದ) ಸ್ಲಗ್ ಬದಲಿಸಿದರೆ ಹಳೆಯದನ್ನು ನೆನಪಿಟ್ಟುಕೊಂಡು ತಿರುಗಿಸುತ್ತದೆ. ಪೇಜ್ ಎಂಬ ಬಗೆಯದಕ್ಕೆ ಹಾಗೆ ನೆನಪಿಡುವುದಿಲ್ಲ. ಹೋಲುವ ಹೆಸರನ್ನು ಊಹಿಸಿ ಎಲ್ಲಿಗೋ ಕಳಿಸಬಹುದು, ಕಳಿಸದೆಯೂ ಇರಬಹುದು. ನಿಮ್ಮ ಸೇವೆಯ ಪುಟಗಳು ಪೇಜ್ ಆಗಿದ್ದರೆ ಕೈಯಾರೆ ಬರೆಯಲೇಬೇಕು.

ಬದಲಿಸುವುದೇ ಆದರೆ: ಶೀಟಿನಲ್ಲಿ ಎರಡು ಕಾಲಂ, ಎಡಕ್ಕೆ ಹಳೆಯದು, ಬಲಕ್ಕೆ ಹೊಸದು. ಸಾಲಿಗೊಂದು ಜೋಡಿ. ಜೋಡಿ ಸಿಗದ ಹಳೆಯ ಪುಟಗಳನ್ನೆಲ್ಲ ಮುಖಪುಟಕ್ಕೆ ತಳ್ಳುವ ಆಸೆ ಬರುತ್ತದೆ, ತಡೆದುಕೊಳ್ಳಿ. ಸಂಬಂಧವಿಲ್ಲದ ಪುಟಕ್ಕೆ ತಿರುಗಿಸಿದ್ದನ್ನು ಗೂಗಲ್ ಸಾಫ್ಟ್ 404 (ಇಲ್ಲದ ಪುಟಕ್ಕೆ ಸಮ) ಎಂದೇ ಎಣಿಸುತ್ತದೆ. ಹತ್ತಿರದ ಪುಟ ಇಲ್ಲದಿದ್ದರೆ 404 ಅಥವಾ 410 (ಪುಟವನ್ನು ತೆಗೆಯಲಾಗಿದೆ) ಕೊಡುವುದೇ ಪ್ರಾಮಾಣಿಕ ಉತ್ತರ.

ಅಪಾಚೆ ಎಂಬ ಸರ್ವರ್ ತಂತ್ರಾಂಶದಲ್ಲಿ ಎಡವುವ ಜಾಗಗಳು:

- ಸಾದಾ ರೀಡೈರೆಕ್ಟ್ ಸಾಲು ವಿಳಾಸದ ಮೊದಲ ಭಾಗ ಹೊಂದಿದರೂ ಸಾಕೆಂದು ಕೆಲಸ ಮಾಡುತ್ತದೆ. "/ಸೇವೆ" ಎಂಬುದನ್ನು "/ಸೇವೆ/ಪಟ್ಟಿ"ಗೆ ತಿರುಗಿಸಿದರೆ, ಹೊಸದೂ "/ಸೇವೆ"ಯಿಂದಲೇ ಶುರುವಾಗುವುದರಿಂದ ಸುತ್ತು ಸುತ್ತಿ ಬ್ರೌಸರ್ ಕೈಚೆಲ್ಲುತ್ತದೆ. ಇಡೀ ವಿಳಾಸ ಹೊಂದಿದರೆ ಮಾತ್ರ ಕೆಲಸ ಮಾಡುವಂತೆ ಆದಿ-ಅಂತ್ಯ ಗುರುತು ಹಾಕಿದ ರೀಡೈರೆಕ್ಟ್‌ಮ್ಯಾಚ್ ಸಾಲು ಬಳಸಿ.
- ಅದೇ ಸಾಲು ಪ್ರಶ್ನೆ ಚಿಹ್ನೆಯ ಆಚೆಗಿನದನ್ನು ನೋಡುವುದೇ ಇಲ್ಲ. ಅದಕ್ಕೆ ರೀರೈಟ್ ನಿಯಮ, ಅದರ ಮೇಲೆ ಕ್ವೆರಿ ಸ್ಟ್ರಿಂಗ್‌ನ (ಪ್ರಶ್ನೆ ಚಿಹ್ನೆಯ ಆಚೆಗಿನ ಆ ಭಾಗದ) ಷರತ್ತು ಬೇಕು. ಕರಪತ್ರದ ಸಂಖ್ಯೆಯ ವಿಳಾಸಕ್ಕೆ ಮಾತ್ರ ನೀವು ಏನೂ ಮಾಡಬೇಕಿಲ್ಲ: ಅಂದದ ಪರ್ಮಾಲಿಂಕ್ (ಸಂಖ್ಯೆಯ ಬದಲು ಪದವಿರುವ ವಿಳಾಸ) ಚಾಲೂ ಇದ್ದು, ಆ ಸಂಖ್ಯೆಯ ಪೋಸ್ಟ್ ಉಳಿದಿದ್ದರೆ ವರ್ಡ್‌ಪ್ರೆಸ್ಸೇ ತಿರುಗಿಸುತ್ತದೆ.
- ವರ್ಷ-ತಿಂಗಳನ್ನು ಕಿತ್ತುಹಾಕುವ ಒಂದೇ ನಿಯಮ (ನಾಲ್ಕು ಅಂಕಿ, ಓರೆಗೆರೆ, ಎರಡಂಕಿ, ಓರೆಗೆರೆ, ಉಳಿದದ್ದು) ಬರೆಯುವಾಗ ಆದಿಯ ಗುರುತು ಮರೆತರೆ ಸೈಟಿನ ಚಿತ್ರಗಳೆಲ್ಲ ಮಾಯ. ಅಪ್‌ಲೋಡ್ಸ್ ಫೋಲ್ಡರಿನ ಒಳಗೂ ವರ್ಷ/ತಿಂಗಳ ಅದೇ ವಿನ್ಯಾಸ ಇದೆ!

ಮೊದಲು 302 (ತಾತ್ಕಾಲಿಕ ರೀಡೈರೆಕ್ಟ್) ಹಾಕಿ ಪರೀಕ್ಷಿಸಿ, ಸರಿಯಾದ ಮೇಲೆ 301 (ಕಾಯಂ) ಮಾಡಿ. ತಪ್ಪಾದ 301 ಒಂದನ್ನು ಬ್ರೌಸರ್ ಕ್ಯಾಶಿನಲ್ಲಿ ಹಿಡಿದಿಟ್ಟುಕೊಂಡರೆ, ಸರ್ವರಿನಲ್ಲಿ ತಿದ್ದಿದ ಮೇಲೂ ನಿಮ್ಮ ಕಣ್ಣಿಗೆ ತಪ್ಪೇ ಕಾಣುತ್ತದೆ. ಆಗ ಸರ್ವರನ್ನು ಬೈಯುತ್ತಾ ಕೂರುವ ಬದಲು ಖಾಸಗಿ ಕಿಟಕಿ ತೆರೆದು ನೋಡಿ, ಅಥವಾ ಕರ್ಲ್ ಎಂಬ ಆಜ್ಞಾ ಸಾಲಿನ ಸಾಧನದಿಂದ ಹೆಡರ್ (ಸರ್ವರಿನ ಉತ್ತರದ ತಲೆಭಾಗ) ಮಾತ್ರ ತರಿಸಿ ನೋಡಿ.

ಹಿಂದೊಮ್ಮೆ ಹಾಕಿದ ರೀಡೈರೆಕ್ಟ್‌ಗಳಿದ್ದರೆ ಅವುಗಳ ಗುರಿಯನ್ನೂ ನೇರವಾಗಿ ಹೊಸ ವಿಳಾಸಕ್ಕೆ ತಿದ್ದಿ. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಎಂಬ ಸರಪಳಿಯನ್ನು ಗೂಗಲ್‌ಬಾಟ್ (ಪುಟಗಳನ್ನು ಓದುವ ಗೂಗಲ್‌ನ ತಂತ್ರಾಂಶ) ಹತ್ತು ಜಿಗಿತದವರೆಗೆ ಹಿಂಬಾಲಿಸುತ್ತದೆ, ನಿಧಾನ ನೆಟ್‌ವರ್ಕಿನಲ್ಲಿರುವ ಗ್ರಾಹಕನಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಮೆನು, ಲೇಖನದೊಳಗಿನ ಲಿಂಕ್, ಕೆನಾನಿಕಲ್ ಟ್ಯಾಗ್ (ಇದೇ ಮೂಲ ವಿಳಾಸ ಎಂದು ಪುಟದೊಳಗೆ ಹೇಳುವ ಗುರುತು), ಸೈಟ್‌ಮ್ಯಾಪ್ (ಗೂಗಲ್‌ಗೆ ಕೊಡುವ ಪುಟಗಳ ಪಟ್ಟಿ), ಎಲ್ಲ ಕಡೆ ಹೊಸ ವಿಳಾಸವೇ ಇರಬೇಕು. ಸೈಟ್‌ಮ್ಯಾಪಿನಲ್ಲಿ ಹಳೆಯದೇ ಉಳಿದರೆ "ಇದೇ ನನ್ನ ಪುಟ" ಎಂದು ಒಂದು ಬಾಯಲ್ಲೂ "ಇದಲ್ಲ" ಎಂದು ಇನ್ನೊಂದು ಬಾಯಲ್ಲೂ ಹೇಳಿದ ಹಾಗೆ. ಸರ್ಚ್ ಕನ್ಸೋಲ್‌ನ ಚೇಂಜ್ ಆಫ್ ಅಡ್ರೆಸ್ ಸಾಧನ ಡೊಮೇನ್ ಬದಲಿಸುವವರಿಗೆ; ಈ ಕೆಲಸಕ್ಕೆ ಅದು ಬೇಡ.

ರೀಡೈರೆಕ್ಟನ್ನು ಕನಿಷ್ಠ ಒಂದು ವರ್ಷ ಇಡಿ ಎಂಬುದು ಗೂಗಲ್‌ನ ಸಲಹೆ. ನನ್ನ ಪ್ರಕಾರ ತೆಗೆಯಲೇಬೇಡಿ. ಐದು ಸಾಲಿನಿಂದ ಸರ್ವರಿಗೆ ಭಾರವಾಗುವುದಿಲ್ಲ, ಅಚ್ಚಾದ ಕರಪತ್ರಕ್ಕಂತೂ ಅವಧಿಯೇ ಇಲ್ಲ.

ಬಿಡಿ ಅಕ್ಷರ:

ಕನ್ನಡ ಲಿಪಿಯ ಬಗ್ಗೆ. ತಾಂತ್ರಿಕವಾಗಿ ತೊಂದರೆ ಇಲ್ಲ, ಗೂಗಲ್ ಓದಿಕೊಳ್ಳುತ್ತದೆ. ಬ್ರೌಸರಿನ ವಿಳಾಸಪಟ್ಟಿಯಲ್ಲೂ ಕನ್ನಡವಾಗಿಯೇ ಕಾಣುತ್ತದೆ. ತೊಂದರೆ ಶುರುವಾಗುವುದು ನಕಲು ಮಾಡಿ ಅಂಟಿಸಿದಾಗ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ವಿಳಾಸದಲ್ಲಿ ಒಂದೊಂದು ಬೈಟೂ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರ. ಅಂದರೆ ಸಂಕೇತಕ್ಕೆ ಒಂಬತ್ತು. ಒತ್ತು, ಕೊಂಬು, ಗುಡಿಸು ಎಲ್ಲವೂ ಬೇರೆ ಬೇರೆ ಸಂಕೇತ ಎಂಬುದನ್ನು ಮರೆಯಬೇಡಿ. "ನೀರು" ಎಂಬ ಪುಟ್ಟ ಪದವೇ 36 ಅಕ್ಷರ.

ವರ್ಡ್‌ಪ್ರೆಸ್‌ನಲ್ಲಿ ಇದು ನೇರವಾಗಿ ಹೊಡೆಯುತ್ತದೆ. ಸ್ಲಗ್ಗನ್ನು ಅದು ಈ ಶೇಕಡಾ ರೂಪದಲ್ಲೇ ಸಂಗ್ರಹಿಸುತ್ತದೆ, ಮಿತಿ 200. "ನೀರಿನ-ಫಿಲ್ಟರ್-ದುರಸ್ತಿ" 173ಕ್ಕೆ ಮುಗಿಯುತ್ತದೆ. ಮುಂದೆ "-ಸೇವೆ" ಸೇರಿಸಿದರೆ 210 ಆಗಬೇಕು, ಆಗುವುದಿಲ್ಲ. "ನೀರಿನ-ಫಿಲ್ಟರ್-ದುರಸ್ತಿ-ಸೇ" ಎಂದು ಮಾತು ಅರ್ಧಕ್ಕೆ ನಿಲ್ಲುತ್ತದೆ. ಲೆಕ್ಕಕ್ಕೆ 22 ಸಂಕೇತ ಎಂದಿಟ್ಟುಕೊಳ್ಳಿ. ಕನ್ನಡ ಸ್ಲಗ್ ಎರಡು ಪದ ದಾಟದಿರಲಿ.

ಇದಕ್ಕಿಂತ ಕಳ್ಳ ಸಮಸ್ಯೆ ಒಂದಿದೆ. "ಸಾಫ್ಟ್‌ವೇರ್" ಥರದ ಪದದ ನಡುವೆ ಕೀಲಿಮಣೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕುತ್ತದೆ, ಟ ಮತ್ತು ವ ಸೇರಿ ಒತ್ತಕ್ಷರ ಆಗದಂತೆ ತಡೆಯಲು. ಅದಿರುವ ವಿಳಾಸ, ಅದಿಲ್ಲದ ವಿಳಾಸ ಎರಡೂ ಬೇರೆ. ಹಾಗೆಯೇ ದೀರ್ಘ "ೇ" ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, "ೆ" ಮತ್ತು ದೀರ್ಘದ ಗುರುತು ಎಂಬ ಎರಡು ಸಂಕೇತವಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಸರ್ವರಿಗೆ ಎರಡು. ಯಾರಾದರೂ ಕೈಯಿಂದ ಟೈಪ್ ಮಾಡಿದರೆ "ಪುಟ ಸಿಗಲಿಲ್ಲ" ಎನ್ನಬಹುದು, ಎಷ್ಟು ದಿಟ್ಟಿಸಿದರೂ ಕಾರಣ ಕಾಣದು.

ಆದ್ದರಿಂದ ಲೇಖನಗಳಿಗೆ ಕನ್ನಡ ಸ್ಲಗ್ ಇರಲಿ ಎನ್ನುತ್ತೇನೆ, ಅವನ್ನು ಯಾರೂ ಟೈಪ್ ಮಾಡಿ ಬರುವುದಿಲ್ಲ. ಸೇವೆ, ಸಂಪರ್ಕ, ಬಿಡಿಭಾಗಗಳಿಗೆ ಇಂಗ್ಲಿಷ್ ಅಕ್ಷರ. ಆದರೆ ಕನ್ನಡ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದಾದರೆ ಒಂದು ಪದಕ್ಕೆ ಒಂದೇ ಕಾಗುಣಿತ ಎಂದು ಮೊದಲೇ ಗೆರೆ ಎಳೆದುಕೊಳ್ಳಿ: ದೀರ್ಘಕ್ಕೆ ಅಕ್ಷರವನ್ನು ಎರಡು ಸಲ ಹಾಕುವುದೋ ಒಂದು ಸಲವೋ, ತ-ಥ, ದ-ಧ ಬೇರೆ ಮಾಡುವುದೋ ಇಲ್ಲವೋ.

ಮುನ್ನೂರೊಂದು:

ಲೇಖನಗಳಿಗೂ ಕನ್ನಡ ಸ್ಲಗ್ ಎನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಲಾಗ್ ಫೈಲ್ ಓದುವಾಗ, ರೀಡೈರೆಕ್ಟ್ ಬರೆಯುವಾಗ ನರಕ. ಬರೆಯಲೇಬೇಕಾದರೆ, ಅಪಾಚೆ ನಿಯಮಗಳು ಶೇಕಡಾ ಸರಮಾಲೆಯನ್ನು ಮತ್ತೆ ಅಕ್ಷರವಾಗಿ ಬಿಡಿಸಿದ ರೂಪವನ್ನು ಹೋಲಿಸಿ ನೋಡುತ್ತವೆ. ಎಡಭಾಗದಲ್ಲಿ ಶೇಕಡಾ ಸರಮಾಲೆ ಅಂಟಿಸಬೇಡಿ, ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿ ಕನ್ನಡವನ್ನೇ ಬರೆಯಿರಿ.

ಹೊಸಪುಟ:

ಇನ್ನೊಂದು ಕಂಡಿತು. ಬಿಡಿಭಾಗಗಳ ಪುಟದಲ್ಲಿ ಬ್ರಾಂಡ್, ಅಳತೆ, ದರದ ಕ್ರಮ ಎಂದು ಸರಕನ್ನು ಆರಿಸಿ ತೋರಿಸುವ ಫಿಲ್ಟರ್ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸುವ ಹೆಚ್ಚುವರಿ ತಂತ್ರಾಂಶ) ಇದೆ. ಸರ್ಚ್ ಕನ್ಸೋಲ್‌ನಲ್ಲಿ 60 ಪುಟದ ಸೈಟಿಗೆ 900 ವಿಳಾಸ ತೋರಿಸುತ್ತಿದೆ. ರೋಬಾಟ್ಸ್ ಫೈಲಿನಲ್ಲಿ (ಯಾವ ಪುಟ ತೆರೆಯಬಾರದು ಎಂದು ಸರ್ಚ್ ಎಂಜಿನ್‌ಗೆ ಹೇಳುವ ಫೈಲ್) ತಡೆದು, ನೋಇಂಡೆಕ್ಸ್ (ಫಲಿತಾಂಶದಲ್ಲಿ ತೋರಿಸಬೇಡಿ ಎಂಬ ಗುರುತು) ಕೂಡ ಹಾಕಿಬಿಡಲೇ?

ಓರೆಗೆರೆ:

ಎರಡನ್ನೂ ಒಟ್ಟಿಗೆ ಬೇಡ. ರೋಬಾಟ್ಸ್ ಫೈಲಿನಲ್ಲಿ ತಡೆದರೆ ಗೂಗಲ್ ಆ ಪುಟವನ್ನು ತೆರೆಯುವುದೇ ಇಲ್ಲ. ತೆರೆಯದ ಪುಟದೊಳಗಿನ ನೋಇಂಡೆಕ್ಸ್ ಆಗಲಿ ಕೆನಾನಿಕಲ್ ಆಗಲಿ ಅದಕ್ಕೆ ಹೇಗೆ ಗೊತ್ತಾಗಬೇಕು?

900 ಎಲ್ಲಿಂದ ಬಂತು ಎಂದರೆ: 4 ಬ್ರಾಂಡ್, 5 ಅಳತೆ, 3 ಕ್ರಮ ಎಂದಿಟ್ಟುಕೊಂಡರೆ, "ಆರಿಸಿಲ್ಲ" ಎಂಬುದನ್ನೂ ಸೇರಿಸಿ 5 × 6 × 4, ಅಂದರೆ 120 ವಿಳಾಸ. ಬ್ರಾಂಡ್ ಮೊದಲು ಒತ್ತಿದರೆ ಒಂದು, ಅಳತೆ ಮೊದಲು ಒತ್ತಿದರೆ ಇನ್ನೊಂದು ಎಂದು ಪ್ಲಗಿನ್ ಕ್ರಮ ಬದಲಿಸುತ್ತಿದ್ದರೆ ಅದು ಹಲವು ಪಟ್ಟಾಗುತ್ತದೆ. ಸೆಟ್ಟಿಂಗಿನಲ್ಲಿ ಕ್ರಮವನ್ನು ಸ್ಥಿರಪಡಿಸಲು ಸಾಧ್ಯವೇ ನೋಡಿ. ದರದ ಕ್ರಮ ಒಂದೇ ಸರಕನ್ನು ತಿರುಗಿಸಿ ಜೋಡಿಸುತ್ತದಷ್ಟೆ, ಅದರ ಕೆನಾನಿಕಲ್ ಮೂಲ ಪುಟಕ್ಕೇ ಇರಲಿ. ಜನ ನಿಜವಾಗಿ ಹುಡುಕುವ ಜೋಡಣೆ ಒಂದೆರಡಿದ್ದರೆ, ಉದಾಹರಣೆಗೆ ಸಿಂಕಿನ ಕೆಳಗೆ ಕೂರಿಸುವ ಮಾದರಿಗಳು, ಅದಕ್ಕೆ ಪ್ರತ್ಯೇಕ ಪುಟ, ಸ್ವಂತ ವಿಳಾಸ, ನಾಲ್ಕು ಸಾಲು ವಿವರಣೆ ಕೊಡಿ. ಪ್ಯಾರಾಮೀಟರ್ (ಪ್ರಶ್ನೆ ಚಿಹ್ನೆಯ ಆಚೆ ಸೇರುವ ಇಂಥ ಆಯ್ಕೆಗಳು) ನಿಯಂತ್ರಿಸಲು ಸರ್ಚ್ ಕನ್ಸೋಲ್‌ನಲ್ಲಿ ಮುಂಚೆ ಇದ್ದ ಸಾಧನವನ್ನು 2022ರಲ್ಲಿ ತೆಗೆದುಹಾಕಿದ್ದಾರೆ, ಹಳೆಯ ಲೇಖನ ಓದಿ ಅದನ್ನು ಹುಡುಕುತ್ತಾ ಹೋಗಬೇಡಿ.

ಜಾಹೀರಾತಿನ ಜಾಡು ಹಿಡಿಯುವ ಯುಟಿಎಂ ಬಾಲಗಳನ್ನು ಹೊರಗಿನ ಲಿಂಕಿಗೆ ಮಾತ್ರ ಹಾಕಿ. ಸೈಟಿನೊಳಗಿನ ಬ್ಯಾನರಿಗೆ ಹಾಕಿದರೆ ಗ್ರಾಹಕ ಎಲ್ಲಿಂದ ಬಂದ ಎಂಬ ಲೆಕ್ಕವೇ ಕೆಡುತ್ತದೆ.

ಮುನ್ನೂರೊಂದು:

ಕರಪತ್ರ ಮತ್ತೆ ಅಚ್ಚು ಹಾಕಿಸುವುದಿದ್ದರೆ: ಕ್ಯೂಆರ್ ಕೋಡಿಗೆ ಪುಟದ ಪೂರ್ತಿ ವಿಳಾಸ ಕೊಡಬೇಡಿ. ನಿಮ್ಮದೇ ಡೊಮೇನಿನಲ್ಲಿ "/ಕ1" ಥರದ ಪುಟ್ಟ ವಿಳಾಸ ಮಾಡಿ, ಅಲ್ಲಿಂದ ಬೇಕಾದ ಪುಟಕ್ಕೆ 302 ಕೊಡಿ. ಇಲ್ಲಿ 301 ಅಲ್ಲ, ಏಕೆಂದರೆ ಗುರಿ ಮುಂದೆ ಬದಲಾಗುವುದು ಖಚಿತ. ವಿಳಾಸ ಚಿಕ್ಕದಾದಷ್ಟೂ ಕೋಡಿನ ಚೌಕಗಳು ಕಡಿಮೆಯಾಗಿ, ಒಂದೊಂದೂ ದೊಡ್ಡದಾಗಿ ಮೂಡುತ್ತವೆ. ಬಿಲ್ಲಿನ ಮೂಲೆಯಲ್ಲಿ ಸಣ್ಣದಾಗಿ ಅಚ್ಚಾದರೂ ಫೋನು ಹಿಡಿದುಕೊಳ್ಳುತ್ತದೆ.