ಮಾರ್ಚ್ 8ಕ್ಕೆ ಗಡಿಯಾರ ಒಂದು ಗಂಟೆ ಮುಂದೆ: ಮಕ್ಕಳ ನಿದ್ದೆ ಹೊಂದಿಸೋದು ಹೇಗೆ? ತಿಳಿದವರು ಹೇಳಿ

ಪ್ರಶ್ನೆ (ನ್ಯೂಜೆರ್ಸಿಯಿಂದ)

ಇಲ್ಲಿ ಅಮೆರಿಕದಲ್ಲಿ ಮಾರ್ಚಿನಲ್ಲಿ ಗಡಿಯಾರವನ್ನ ಒಂದು ಗಂಟೆ ಮುಂದಿಟ್ಟು ನವೆಂಬರ್‌ನಲ್ಲಿ ಹಿಂದಿಡ್ತಾರೆ. 2026ರ ಮಾರ್ಚ್ 8, ಭಾನುವಾರ ಬೆಳಗಿನ ಜಾವ ಎರಡು ಗಂಟೆ ಹೊಡೆಯುವಷ್ಟರಲ್ಲಿ ಮೂರಾಗುತ್ತೆ. ಮನೆಯಲ್ಲಿ ಎರಡೂವರೆ ವರ್ಷದ ಮಗಳು, ಏಳು ತಿಂಗಳ ಮಗ ಇದ್ದಾರೆ. ಮಗಳು ರಾತ್ರಿ 8ಕ್ಕೆ ಮಲಗಿ ಬೆಳಿಗ್ಗೆ 6:30ಕ್ಕೆ ಏಳ್ತಾಳೆ. ಡೇಕೇರ್‌ನಲ್ಲಿ ಮಧ್ಯಾಹ್ನ 12:30ಕ್ಕೆ ಮಲಗಿಸ್ತಾರೆ. ಗಂಡ ಹೆಂಡತಿ ಇಬ್ಬರಿಗೂ ಆಫೀಸು. ಮೊದಲೇ ತಯಾರಿ ಮಾಡಬೇಕಾ, ಆ ದಿನ ನೋಡಿಕೊಂಡರೆ ಸಾಕಾ? ಮೆಲಟೋನಿನ್ ಗಮ್ಮಿ (ನಿದ್ದೆಯ ಹಾರ್ಮೋನು ಹಾಕಿದ ಮಿಠಾಯಿಯಂಥ ಗುಳಿಗೆ) ಕೊಡಿ ಅಂತಾನೂ ಕೆಲವರು ಹೇಳ್ತಿದ್ದಾರೆ. ದಯವಿಟ್ಟು ಹಂತ ಹಂತವಾಗಿ ತಿಳಿಸಿ.

ಉತ್ತರ 1 (ಡೇಕೇರ್ ಶಿಕ್ಷಕಿ, ಚಿಕಾಗೋ)

ಹೆಚ್ಚಿನವರು ಮಲಗಿಸೋ ಹೊತ್ತಿನ ಹಿಂದೆ ಬೀಳ್ತಾರೆ. ನೀವು ಏಳೋ ಹೊತ್ತನ್ನ ಹಿಡಿಯಿರಿ. ನಿದ್ದೆ ಬಾರದ ಮಗುವನ್ನ 7:15ಕ್ಕೆ ಹಾಸಿಗೆಗೆ ಹಾಕಿದರೆ ಅದು ಒಂದು ಗಂಟೆ ಹೊರಳಾಡಿ, ನೀರು ಕೇಳಿ, ಬಾತ್‌ರೂಮಿಗೆ ಹೋಗಿ, ಕೊನೆಗೆ 8ಕ್ಕೇ ಮಲಗುತ್ತೆ. ನಿದ್ದೆ ಬಾ ಅಂದರೆ ಬರಲ್ಲ. ಮಲಗಿರೋ ಮಗುವನ್ನ ಎಬ್ಬಿಸೋದು ಮಾತ್ರ ನಮ್ಮ ಕೈಯಲ್ಲಿದೆ.

ಲೆಕ್ಕ ಹೀಗೆ. 60 ನಿಮಿಷವನ್ನ ಹದಿನೈದರ ನಾಲ್ಕು ತುಂಡು ಮಾಡಿ, ಒಂದೊಂದು ತುಂಡಿಗೆ ಎರಡೆರಡು ದಿನ ಕೊಡಿ. ಒಟ್ಟು ಎಂಟು ದಿನ, ಹಾಗಾಗಿ ಫೆಬ್ರವರಿ 28ರ ಶನಿವಾರ ಶುರು ಮಾಡಬೇಕು. ಶನಿವಾರ, ಭಾನುವಾರ ಬೆಳಿಗ್ಗೆ 6:15ಕ್ಕೆ ಎಬ್ಬಿಸಿ ರಾತ್ರಿ 7:45ಕ್ಕೆ ಮಲಗಿಸಿ. ಸೋಮವಾರ, ಮಂಗಳವಾರ 6:00 ಮತ್ತು 7:30. ಬುಧವಾರ, ಗುರುವಾರ 5:45 ಮತ್ತು 7:15. ಶುಕ್ರವಾರ, ಶನಿವಾರ 5:30 ಮತ್ತು 7:00. ಶನಿವಾರ ಹಳೇ ಗಡಿಯಾರದ 7:00ಕ್ಕೆ ಮಲಗಿದ ಮಗು ಭಾನುವಾರ ಹೊಸ ಗಡಿಯಾರದ 6:30ಕ್ಕೆ ಏಳುತ್ತೆ, ಆ ರಾತ್ರಿ 8ಕ್ಕೇ ಮಲಗುತ್ತೆ.

ಇದು ಕೆಡೋದು ಎರಡು ಕಡೆ. ಒಂದು, ಮಲಗೋದು ಏಳೋದನ್ನ ಮಾತ್ರ ಸರಿಸಿ ಊಟವನ್ನ ಹಳೇ ಹೊತ್ತಿಗೇ ಬಿಡೋದು. ಹೊಟ್ಟೆಗೂ ಒಂದು ಗಡಿಯಾರ ಇದೆ. ತಿಂಡಿ, ಮಧ್ಯಾಹ್ನದ ಊಟ, ಸಂಜೆಯ ಹಾಲು, ರಾತ್ರಿಯ ಅನ್ನ, ಸ್ನಾನ ಎಲ್ಲವೂ ಅದೇ 15 ನಿಮಿಷ ಬೇಗ ಆಗಬೇಕು. ನಮ್ಮವರ ಮನೆಗಳಲ್ಲಿ ದೊಡ್ಡವರ ಊಟ 8:30ಕ್ಕೆ ಅಂತ ಮಗೂನೂ ಅಲ್ಲೀವರೆಗೆ ಕಾಯೋದುಂಟು. ಆ ವಾರ ಮಗುವಿಗೆ ಮೊದಲು ಬಡಿಸಿ ಬಿಡಿ. ಎರಡನೇದು ಡೇಕೇರ್. ಅಲ್ಲಿ 12:30 ಅಂದರೆ 12:30, ಇಪ್ಪತ್ತು ಮಕ್ಕಳ ನಡುವೆ ನಿಮ್ಮೊಬ್ಬ ಮಗಳಿಗೆ ಮ್ಯಾಟ್ ಬೇಗ ಹಾಸೋದು ಕಷ್ಟ. ಆದರೆ ಎಬ್ಬಿಸೋದನ್ನ ಕೇಳಬಹುದು: "ಈ ವಾರ 2ಕ್ಕೆ ಎಬ್ಬಿಸಿ ಬಿಡಿ" ಅಂತ ಚೀಟಿ ಬರೆದು ಕೊಡಿ. ಈ ವಯಸ್ಸಿಗೆ ಮಧ್ಯಾಹ್ನ ಎದ್ದ ಮೇಲೆ ರಾತ್ರಿ ಮಲಗೋಕೆ ಐದು ಗಂಟೆಯಾದರೂ ಅಂತರ ಬೇಕು. ಮಗಳು 3ರವರೆಗೆ ಮಲಗಿದ್ದರೆ 7:15ಕ್ಕೆ ನಿದ್ದೆ ಬಂದೀತು ಅಂತ ನೆಚ್ಚಿಕೊಳ್ಳಬೇಡಿ.

ಉತ್ತರ 2 (ನಿದ್ರಾ ಚಿಕಿತ್ಸಾಲಯದ ತಂತ್ರಜ್ಞ, ಸಿಯಾಟಲ್)

ಮೇಲಿನ ಲೆಕ್ಕ ಸರಿ ಇದೆ, ಆದರೆ ಅದನ್ನ ಎಳೆಯೋ ಎತ್ತು ಬೆಳಕು. ಮೆದುಳಿನೊಳಗಿನ ಗಡಿಯಾರಕ್ಕೆ ಗೋಡೆ ಮೇಲಿನ ಗಡಿಯಾರ ಗೊತ್ತಿಲ್ಲ, ಕಣ್ಣಿಗೆ ಬಿದ್ದ ಬೆಳಕು ಗೊತ್ತು. ಎದ್ದ ಮೇಲಿನ ಬೆಳಕು ಅದನ್ನ ಬೇಗದ ಕಡೆಗೆ ಎಳೆಯುತ್ತೆ, ಸಂಜೆಯ ಬೆಳಕು ತಡದ ಕಡೆಗೆ ತಳ್ಳುತ್ತೆ. ಚಿಕ್ಕ ಮಕ್ಕಳ ಕಣ್ಣಿನ ಪಾಪೆ ದೊಡ್ಡದು, ಮಸೂರ ತಿಳಿ. ಹಾಗಾಗಿ ನಮಗೆ ಮಾಮೂಲಿ ಅನಿಸೋ ಟ್ಯೂಬ್‌ಲೈಟು ಅವರ ನಿದ್ದೆಯನ್ನ ನಮಗಿಂತ ಜಾಸ್ತಿ ದೂಡುತ್ತೆ.

ನ್ಯೂಜೆರ್ಸಿಯಲ್ಲಿ ಮಾರ್ಚ್ 7ಕ್ಕೆ ಸೂರ್ಯ ಹುಟ್ಟೋದು ಸುಮಾರು 6:20ಕ್ಕೆ. ಮಾರನೇ ದಿನ ಗಡಿಯಾರದಲ್ಲಿ ಅದು 7:20. ಅಂದರೆ ಮಗಳು 6:30ಕ್ಕೆ ಎದ್ದಾಗ ಹೊರಗೆ ಇನ್ನೂ ಕತ್ತಲು. ಅಡುಗೆಮನೆಯ ದೀಪಗಳನ್ನೆಲ್ಲ ಹಾಕಿ ತಿಂಡಿಯನ್ನ ಅಲ್ಲೇ ಕೊಡಿ. ಬೆಳಕಾದ ಮೇಲೆ ಇಪ್ಪತ್ತು ನಿಮಿಷ ಹೊರಗೆ ಕರೆದುಕೊಂಡು ಹೋಗಿ. ಮೋಡ ಮುಸುಕಿದ್ದರೂ ಹೊರಗಿನ ಬೆಳಕು ಸಾವಿರಾರು ಲಕ್ಸ್ (ಬೆಳಕಿನ ಅಳತೆ) ಇರುತ್ತೆ, ಮನೆಯೊಳಗೆ ಸಾಮಾನ್ಯವಾಗಿ ಕೆಲವು ನೂರು ಅಷ್ಟೇ. ಕಿಟಕಿ ಪಕ್ಕ ಕೂರಿಸೋದು ಹೊರಗೆ ಹೋದದ್ದಕ್ಕೆ ಸಮ ಅಲ್ಲ.

ಒಂದು ಎಚ್ಚರಿಕೆ. ಬೇಗ ಏಳಿಸೋ ಹುರುಪಿನಲ್ಲಿ ಜಾವ ನಾಲ್ಕಕ್ಕೆ ದೀಪ ಹಾಕಬೇಡಿ. ದಿನವೂ ಏಳೋ ಹೊತ್ತಿಗಿಂತ ಎರಡು ಮೂರು ಗಂಟೆ ಮೊದಲು ಬಿದ್ದ ಬೆಳಕನ್ನ ಮೈ ಸಂಜೆಯ ಬೆಳಕಿನ ಲೆಕ್ಕಕ್ಕೆ ಹಾಕಿಕೊಳ್ಳುತ್ತೆ, ಆಮೇಲೆ ನಿದ್ದೆ ಇನ್ನೂ ತಡವಾಗುತ್ತೆ. ಹದಿನೈದು ನಿಮಿಷದ ತುಂಡು ಯಾಕೆ ಅಂದರೆ ಇದಕ್ಕೇ.

ಸಂಜೆಗೆ ಕತ್ತಲು ಮಾಡಿಕೊಳ್ಳಬೇಕು. ಬ್ಲ್ಯಾಕೌಟ್ ಕರ್ಟನ್ ತಂದು ಹಾಕಿದರೂ ಕೋಣೆ ಕತ್ತಲಾಗಲ್ಲ ಅಂತ ಬಹಳ ಜನ ದೂರುತ್ತಾರೆ. ಬಟ್ಟೆಯಲ್ಲಿ ತಪ್ಪಿಲ್ಲ, ಬೆಳಕು ಸೋರೋದು ಅಂಚಿನಿಂದ. ಕರ್ಟನ್ ಕಿಟಕಿಗಿಂತ ಎರಡೂ ಬದಿ 15 ಸೆಂಟಿಮೀಟರ್ ಅಗಲ ಇರಲಿ, ರಾಡ್‌ನ ತುದಿ ಗೋಡೆಗೆ ಬಾಗಿರೋದನ್ನ ಆರಿಸಿ, ಬದಿಯ ಅಂಚಿಗೆ ವೆಲ್ಕ್ರೋ ಪಟ್ಟಿ ಅಂಟಿಸಿ ಗೋಡೆಗೆ ಹಿಡಿಸಿ. ಬಾಡಿಗೆ ಮನೆಯಾದರೆ ದಪ್ಪ ರಟ್ಟನ್ನ ಚೌಕಟ್ಟಿನ ಅಳತೆಗೆ ಕತ್ತರಿಸಿ ಸಿಕ್ಕಿಸಿ, ಬೆಳಿಗ್ಗೆ ತೆಗೆದಿಡಬಹುದು. ಅಲ್ಯೂಮಿನಿಯಂ ಫಾಯಿಲನ್ನ ಗಾಜಿಗೇ ಮೆತ್ತಬೇಡಿ, ಬಿಸಿಲು ಬೀಳೋ ಎರಡು ಪದರದ ಗಾಜು ಕಾವು ಹಿಡಿದು ಸೀಳಬಹುದು. ತೊಟ್ಟಿಲಿನ ಹತ್ತಿರ ಬ್ಲೈಂಡ್‌ನ ದಾರ ನೇತಾಡಬಾರದು, ಕತ್ತಿಗೆ ಸುತ್ತಿಕೊಳ್ಳೋ ಅಪಾಯ ಇದೆ. ಪರೀಕ್ಷೆ ಸುಲಭ: ಮಧ್ಯಾಹ್ನ ಬಾಗಿಲು ಹಾಕಿ ಐದು ನಿಮಿಷ ಒಳಗೆ ನಿಲ್ಲಿ. ನಿಮ್ಮ ಕೈಬೆರಳು ಎಣಿಸೋಕೆ ಆದರೆ ಇನ್ನೂ ಬೆಳಕು ಸೋರ್ತಿದೆ.

ಉತ್ತರ 3 (ಮಕ್ಕಳ ವಾರ್ಡಿನ ನರ್ಸ್, ಬರ್ಮಿಂಗ್‌ಹ್ಯಾಂ)

ಏಳು ತಿಂಗಳ ಮಗನ ಬಗ್ಗೆ ಯಾರೂ ಹೇಳಲಿಲ್ಲ. ಮೂರು ತಿಂಗಳೊಳಗಿನ ಕೂಸಿಗಾದರೆ ಹಗಲು ರಾತ್ರಿಯ ಗಡಿಯಾರವೇ ಇನ್ನೂ ಕೂತಿರಲ್ಲ, ಏನೂ ಮಾಡಬೇಕಿಲ್ಲ. ಏಳು ತಿಂಗಳಿಗೆ ಕೂತಿರುತ್ತೆ, ಆದರೆ 15 ನಿಮಿಷ ಒಂದೇ ಏಟಿಗೆ ಬೇಡ. ಒಂದು ನಿದ್ದೆಯಿಂದ ಇನ್ನೊಂದು ನಿದ್ದೆಯ ನಡುವೆ ಅವನು ಎರಡೂವರೆ ಮೂರು ಗಂಟೆ ಎಚ್ಚರ ಇರ್ತಾನೆ ಅಂದುಕೊಳ್ಳಿ. ಪ್ರತಿ ಅಂತರದಲ್ಲಿ ಐದೈದು ನಿಮಿಷ ಕಡಿಮೆ ಮಾಡಿದರೆ ದಿನಕ್ಕೆ 15 ನಿಮಿಷ ತಾನಾಗಿ ಸಿಗುತ್ತೆ. ಕಣ್ಣು ಉಜ್ಜೋದು, ಕಿವಿ ಎಳೆದುಕೊಳ್ಳೋದು, ನೋಟ ಒಂದೇ ಕಡೆ ನೆಡೋದು ಕಂಡ ಕೂಡಲೇ ಮಲಗಿಸಿ. ಆ ಹೊತ್ತು ದಾಟಿ ರಚ್ಚೆ ಹಿಡಿದರೆ ತಟ್ಟಿ, ಜೋಗುಳ ಹಾಡಿ, ಹೆಗಲ ಮೇಲೆ ಹಾಕಿ ಓಡಾಡಿಸಿದರೂ ಅರ್ಧ ಗಂಟೆ ಹಿಡಿಯುತ್ತೆ.

ಗಡಿಯಾರ ಬದಲಾಗೋ ರಾತ್ರಿ ಜ್ವರ ಇದ್ದರೆ ಇದನ್ನ ಓದಿಕೊಳ್ಳಿ. ಶನಿವಾರ ರಾತ್ರಿ 11:30ಕ್ಕೆ ಟೈಲೆನಾಲ್ (ಜ್ವರದ ಪ್ಯಾರಸಿಟಮಾಲ್) ಕೊಟ್ಟಿರ್ತೀರಿ. ಮಗು ಮತ್ತೆ ಎದ್ದಾಗ ಫೋನ್ 4:00 ತೋರಿಸುತ್ತೆ. ನಾಲ್ಕೂವರೆ ಗಂಟೆ ಆಯ್ತು ಅಂತ ಇನ್ನೊಂದು ಡೋಸ್ ಹಾಕೋಕೆ ಕೈ ಹೋಗುತ್ತೆ. ನಿಜಕ್ಕೂ ಆಗಿರೋದು ಮೂರೂವರೆ ಗಂಟೆ. ಎರಡು ಡೋಸ್ ನಡುವೆ ನಾಲ್ಕು ಗಂಟೆಗಿಂತ ಕಡಿಮೆ ಇರಲೇಬಾರದು. ಆ ರಾತ್ರಿ ಗಂಟೆ ಬರೆದಿಡೋ ಬದಲು ಫೋನಿನಲ್ಲಿ ನಾಲ್ಕು ಗಂಟೆಯ ಟೈಮರ್ ಇಡಿ. ದಿನಕ್ಕೆರಡು ಸಲದ ಆಂಟಿಬಯಾಟಿಕ್‌ಗೆ ಒಂದು ಗಂಟೆಯ ವ್ಯತ್ಯಾಸದಿಂದ ತೊಂದರೆ ಇಲ್ಲ.

ಮೆಲಟೋನಿನ್ ಬೇಡ ಅನ್ನೋದು ನನ್ನ ಸ್ಪಷ್ಟ ಮಾತು. ಇಲ್ಲಿ ಬ್ರಿಟನ್ನಿನಲ್ಲಿ ಅದು ಡಾಕ್ಟರ ಚೀಟಿ ಇಲ್ಲದೆ ಸಿಗಲ್ಲ. ಅಮೆರಿಕದಲ್ಲಿ ಆಹಾರ ಪೂರಕ ಅಂತ ಅಂಗಡಿಯಲ್ಲಿ ಇಟ್ಟಿರ್ತಾರೆ, ಔಷಧಿಗೆ ಇರೋ ತಪಾಸಣೆ ಅದಕ್ಕಿಲ್ಲ. 2023ರಲ್ಲಿ ಅಲ್ಲಿ 25 ಬಗೆಯ ಗಮ್ಮಿ ಪರೀಕ್ಷಿಸಿದಾಗ 22ರಲ್ಲಿ ಒಳಗಿನ ಪ್ರಮಾಣ ಲೇಬಲ್ಲಿಗೆ ಹೊಂದಲಿಲ್ಲ, ಒಂದರಲ್ಲಂತೂ ಮೆಲಟೋನಿನ್ನೇ ಇರಲಿಲ್ಲ. ವಾರದಲ್ಲಿ ತಾನಾಗಿ ಸರಿಹೋಗೋ ಒಂದು ಗಂಟೆಗೆ ಅಳತೆ ತಿಳಿಯದ ಹಾರ್ಮೋನು ಯಾಕೆ? ಮನೆಯಲ್ಲಿ ಈಗಾಗಲೇ ಡಬ್ಬಿ ಇದ್ದರೆ ಎತ್ತರದಲ್ಲಿ ಬೀಗ ಹಾಕಿ ಇಡಿ, ಮಕ್ಕಳ ಕಣ್ಣಿಗೆ ಅದು ಮಿಠಾಯಿ. ವೈದ್ಯರೇ ಬೇರೆ ಕಾರಣಕ್ಕೆ ಕೊಟ್ಟಿದ್ದರೆ ಆ ಮಾತು ಬೇರೆ.

ಉತ್ತರ 4 (ಮಕ್ಕಳ ಪಾಲನಾ ಕೇಂದ್ರದ ಸಹಾಯಕಿ, ಮ್ಯೂನಿಕ್)

ಎಂಟು ದಿನದ ತಯಾರಿ ಎಲ್ಲರಿಗೂ ಬೇಕು ಅಂತ ನನಗನಿಸಲ್ಲ. ರಜೆಯಲ್ಲಿ ಒಂದು ದಿನ 9ಕ್ಕೆ ಮಲಗಿದರೂ ಮಾರನೇ ದಿನ ನಗುನಗುತ್ತಾ ಇರೋ ಮಗು ಇದ್ದರೆ ಏನೂ ಮಾಡಬೇಡಿ. ಭಾನುವಾರ ಹೊಸ ಗಡಿಯಾರದ 7ರೊಳಗೆ ಎಬ್ಬಿಸಿ, ಆಮೇಲೆಲ್ಲ ಹೊಸ ಹೊತ್ತಿಗೇ ನಡೆಸಿ. ಮೂರು ನಾಲ್ಕು ದಿನ ಸಂಜೆ ಕಿರಿಕಿರಿ ಇರುತ್ತೆ, ಅಷ್ಟೆ. ಇಬ್ಬರೂ ಕೆಲಸಕ್ಕೆ ಹೋಗೋ ಮನೆಯಲ್ಲಿ ಒಂದು ವಾರ ಪೂರ್ತಿ ಬೇಗ ಬೇಗ ಏಳೋದು ಅಪ್ಪ ಅಮ್ಮನಿಗೆ ದೊಡ್ಡ ಶಿಕ್ಷೆ. ಅರ್ಧ ದಾರಿಯೂ ಇದೆ: ಗುರುವಾರದಿಂದ ಶನಿವಾರದವರೆಗೆ ಹತ್ತು ಹತ್ತು ನಿಮಿಷ ಸರಿಸಿ, ಉಳಿದ ಅರ್ಧ ಗಂಟೆಯನ್ನ ಭಾನುವಾರದ ನಂತರ ಮೈಯೇ ಹೊಂದಿಸಿಕೊಳ್ಳಲಿ. ಪುಟ್ಟ ಬದಲಾವಣೆಗೂ ಕದಡಿ ಹೋಗೋ ಮಗುವಿಗೆ, ಆಟಿಸಂ ಇರೋ ಮಗುವಿಗೆ ಮಾತ್ರ ಇನ್ನೂ ನಿಧಾನ, ದಿನಕ್ಕೆ ಐದೇ ನಿಮಿಷ.

ಇಲ್ಲಿನ ಮನೆಗಳಲ್ಲಿ ಕಿಟಕಿಯ ಹೊರಗೆ ಎಳೆದು ಇಳಿಸೋ ಶಟರ್ ಇರುತ್ತೆ, ಇಳಿಸಿದರೆ ಪೂರ್ತಿ ಕತ್ತಲು. ಮಲಗಿಸೋಕೆ ಬಹಳ ಅನುಕೂಲ. ಆದರೆ ಬೆಳಿಗ್ಗೆ ಎತ್ತೋದು ಮರೆತರೆ ಮೇಲೆ ಹೇಳಿದ ಬೆಳಕಿನ ಕೆಲಸವೆಲ್ಲ ನಿಂತು ಹೋಗುತ್ತೆ. ಎಬ್ಬಿಸೋಕೆ ಮೊದಲು ಶಟರ್ ಎತ್ತಿ, ಆಮೇಲೆ ಹೆಸರು ಕೂಗಿ. ಯೂರೋಪಿನಲ್ಲಿರೋರಿಗೆ ದಿನ ಬೇರೆ: 2026ರಲ್ಲಿ ಮಾರ್ಚ್ 29, ಅಕ್ಟೋಬರ್ 25.

ಉತ್ತರ 5 (ಸ್ಯಾನ್ ಹೋಸೆ)

ಊರಿಂದ ಬರೋ ಫೋನನ್ನ ಲೆಕ್ಕಕ್ಕೆ ತಗೊಳ್ಳಿ. ಇಂಡಿಯಾದಲ್ಲಿ ಗಡಿಯಾರ ಬದಲಾಗಲ್ಲ. ನ್ಯೂಜೆರ್ಸಿಗೂ ಊರಿಗೂ ಚಳಿಗಾಲದಲ್ಲಿ ಹತ್ತೂವರೆ ಗಂಟೆ ಅಂತರ, ಮಾರ್ಚ್ 8ರಿಂದ ಒಂಬತ್ತೂವರೆ. ಅಜ್ಜಿ ತಾತ ಕಾಫಿ ಕುಡಿದು ಬೆಳಿಗ್ಗೆ 6:30ಕ್ಕೆ ವಿಡಿಯೋ ಕಾಲ್ ಮಾಡೋದು ರೂಢಿ ಇದ್ದರೆ ಇಷ್ಟು ದಿನ ನಿಮಗೆ ರಾತ್ರಿ 8, ಮಗಳು ಮುತ್ತು ಕೊಟ್ಟು ಮಲಗೋ ಹೊತ್ತು. ಇನ್ನು ಮೇಲೆ ಅದೇ ಕಾಲ್ 9ಕ್ಕೆ ಬರುತ್ತೆ. ಮಲಗಿದ ಮಗು ರಿಂಗಿಗೆ ಎದ್ದು ಕೂರುತ್ತೆ, ಇಲ್ಲವೇ ಅಜ್ಜಿಗೋಸ್ಕರ ಎಚ್ಚರ ಇರಿಸ್ತೀರಿ. ಪ್ರಕಾಶಮಾನವಾದ ಸ್ಕ್ರೀನು ಮುಖದಿಂದ ಒಂದು ಗೇಣು ದೂರ, ಅದರ ಮೇಲೆ ಅಜ್ಜಿಯ ಮುದ್ದು ಬೇರೆ, ನಿದ್ದೆ ಎಲ್ಲಿಂದ ಬರಬೇಕು. ಮೊದಲೇ ಫೋನ್ ಮಾಡಿ ಹೇಳಿ: "ಅಮ್ಮಾ, ಎಂಟನೇ ತಾರೀಖಿಂದ ನವೆಂಬರ್‌ವರೆಗೆ ನಿಮ್ಮ ಐದೂವರೆಗೆ ಆದರೆ ಮಾಡಿ, ಇಲ್ಲದಿದ್ದರೆ ನಿಮ್ಮ ರಾತ್ರಿ ಊಟಕ್ಕೆ ಮುಂಚೆ ನಾವೇ ಮಾಡ್ತೀವಿ." ನಿಮ್ಮ ಬೆಳಗಿನ 9 ಅವರಿಗೆ ಸಂಜೆ 6:30, ದೀಪ ಹಚ್ಚೋ ಹೊತ್ತು, ಶನಿವಾರ ಭಾನುವಾರಕ್ಕೆ ಅದೇ ವಾಸಿ.

ಮಗಳ ಕೋಣೆಯಲ್ಲಿ ಹಸಿರು ದೀಪ ಬಂದರೆ ಏಳಬಹುದು ಅನ್ನೋ ಥರದ ಮಕ್ಕಳ ಗಡಿಯಾರ ಇದೆಯಾ? ಕೆಲವು ವೈಫೈಯಿಂದ ತಾವೇ ಹೊಂದಿಸಿಕೊಳ್ತವೆ, ಕೆಲವನ್ನ ಕೈಯಲ್ಲೇ ತಿರುಗಿಸಬೇಕು. ತಿರುಗಿಸದೆ ಬಿಟ್ಟರೆ ಭಾನುವಾರ ಹಸಿರು ಬರೋದು 7:30ಕ್ಕೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಇನ್ನೊಂದು ಅನುಮಾನ. ನವೆಂಬರ್ 1ಕ್ಕೆ ಗಡಿಯಾರ ಹಿಂದೆ ಬಂದಾಗ ಇದನ್ನೇ ತಿರುವು ಮುರುವು ಮಾಡಿದರೆ ಸಾಕಾ?

ಉತ್ತರ 6 (ಮಕ್ಕಳ ಪಾಲನಾ ತರಬೇತುದಾರರು, ಮೆಲ್ಬರ್ನ್)

ಸಾಲಲ್ಲ, ಅದರ ಕಷ್ಟವೇ ಬೇರೆ. ಗಡಿಯಾರ ಹಿಂದೆ ಬಂದಾಗ ರಾತ್ರಿ ಮಲಗಿಸೋದು ಸುಲಭ, ಬೆಳಿಗ್ಗೆ ಮಗು 5:30ಕ್ಕೆ ಎದ್ದು ಕೂರುತ್ತೆ. (ನಮ್ಮಲ್ಲಿ ಅದು ಏಪ್ರಿಲ್ ಮೊದಲ ಭಾನುವಾರ. ಮುಂದೆ ಹೋಗೋದು ಅಕ್ಟೋಬರ್ ಮೊದಲ ಭಾನುವಾರ. ಬ್ರಿಸ್ಬೇನ್, ಪರ್ತ್‌ನವರಿಗೆ ಈ ಗೋಳೇ ಇಲ್ಲ.) ತಡವಾಗಿ ಮಲಗಿಸಿದರೆ ತಡವಾಗಿ ಏಳುತ್ತೆ ಅನ್ನೋದು ದೊಡ್ಡವರ ಲೆಕ್ಕ. ಎರಡು ವರ್ಷದ ಮಗು ತಡವಾಗಿ ಮಲಗಿದರೂ ಮೊದಲ ಎರಡು ಮೂರು ದಿನ ಅದೇ ಹೊತ್ತಿಗೆ ಏಳುತ್ತೆ, ನಿದ್ದೆ ಕೆಟ್ಟು ಸಂಜೆ ಆರಕ್ಕೇ ಕುಸಿಯುತ್ತೆ. ಆದ್ದರಿಂದ ಮಲಗೋದನ್ನ 15 ನಿಮಿಷ ತಡ ಮಾಡೋ ದಿನ ಮಧ್ಯಾಹ್ನದ ನಿದ್ದೆಯನ್ನ 15 ನಿಮಿಷ ಹೆಚ್ಚು ಬಿಡಿ. ಒಂದರಿಂದ ಎರಡು ವರ್ಷದವರಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ, ಮೂರರಿಂದ ಐದಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಆ ಮೊತ್ತ ಕಡಿಮೆಯಾಗದ ಹಾಗೆ ನೋಡಿಕೊಂಡು ಉಳಿದದ್ದನ್ನ ಸರಿಸಿ.

ಐದೂವರೆಗೆ ಎದ್ದ ಮಗುವಿಗೆ ಆಗಲೇ ಹಾಲಿನ ಬಾಟಲಿ, ಟಿವಿ, ಫೋನ್ ಕೊಡೋದೇ ಎಲ್ಲರೂ ಮಾಡೋ ತಪ್ಪು. ಸುಸ್ತಾದವರಿಗೆ ಹತ್ತು ನಿಮಿಷ ಕಣ್ಣು ಮುಚ್ಚಿಕೊಳ್ಳೋಕೆ ಅದೊಂದೇ ದಾರಿ ಕಾಣುತ್ತೆ, ಅರ್ಥವಾಗುತ್ತೆ. ಆದರೆ ನಾಲ್ಕನೇ ದಿನಕ್ಕೆ ಹೊಟ್ಟೆ ಐದೂವರೆಗೇ ಹಾಲು ಕೇಳೋಕೆ ಶುರು ಮಾಡುತ್ತೆ, ತಿಂಗಳು ಕಳೆದರೂ ಬಿಡಲ್ಲ. ದೀಪ ಹಾಕದೆ, ಮಾತು ಬೆಳೆಸದೆ, ಕತ್ತಲಲ್ಲೇ ಪಕ್ಕದಲ್ಲಿ ಮಲಗಿ ತಟ್ಟಿ. ನಿದ್ದೆ ಬರದಿದ್ದರೂ ಪರವಾಗಿಲ್ಲ. ಮೊದಲ ದಿನ 5:40ರವರೆಗೆ ತಡೆದು ಎಬ್ಬಿಸಿ, ಮಾರನೇ ದಿನ 5:50. ಹಾಲು ಎದ್ದ ಕೂಡಲೇ ಬೇಡ, ಪರದೆ ತೆರೆದು, ಮುಖ ತೊಳೆದು, ಬಟ್ಟೆ ಬದಲಿಸಿ ಆಮೇಲೆ ಕೊಡಿ.

ಉತ್ತರ 7 (ಬಾಣಂತಿಯರ ಆರೈಕೆ ಸಲಹೆಗಾರ್ತಿ, ಟೊರಾಂಟೊ)

ಅಪ್ಪ ಅಮ್ಮನ ನಿದ್ದೆಯ ಬಗ್ಗೆಯೂ ಯೋಚಿಸಿ. ಶನಿವಾರ ರಾತ್ರಿ ಪಾಳಿ ಹಂಚಿಕೊಳ್ಳಿ. ಒಬ್ಬರು 9ಕ್ಕೆ ಬೇರೆ ಕೋಣೆಯಲ್ಲಿ ಮಲಗಿ ಹಳೇ ಗಡಿಯಾರದ 2ರವರೆಗೆ ಏಳಬಾರದು. ಇನ್ನೊಬ್ಬರು ಆಮೇಲೆ ಮಲಗಲಿ. ತುಂಡು ತುಂಡು ಏಳು ಗಂಟೆಗಿಂತ ಒಂದೇ ಸಮ ಐದು ಗಂಟೆ ಮೈಗೆ ಹೆಚ್ಚು. ಮಧ್ಯಾಹ್ನ 12ರ ಮೇಲೆ ಕಾಫಿ ಬೇಡ. ಎದೆಹಾಲು ತೆಗೆದಿಡೋ ತಾಯಂದಿರು ಪಂಪಿನ ಹೊತ್ತನ್ನೂ ಮಗುವಿನ ಜೊತೆಗೇ ಸರಿಸಬೇಕು. ನವೆಂಬರ್‌ನಲ್ಲಿ ಮಗು ಒಂದು ಗಂಟೆ ತಡವಾಗಿ ಕುಡಿದರೆ ಎದೆ ಗಟ್ಟಿಯಾಗುತ್ತೆ, ನೋವು ಇಳಿಯೋವಷ್ಟು ಮಾತ್ರ ಕೈಯಲ್ಲಿ ಹಿಂಡಿ ತೆಗೆಯಿರಿ. ಪೂರ್ತಿ ಖಾಲಿ ಮಾಡಿದರೆ ಆ ಹೊತ್ತಿಗೆ ಇನ್ನೂ ಹೆಚ್ಚು ಇಳಿಯುತ್ತೆ.

ಜಾವದಲ್ಲಿ ಹಾಲುಣಿಸೋಕೆ ಸೋಫಾ ಮೇಲೆ ಕೂರಬೇಡಿ. ನಿದ್ದೆಗಣ್ಣಲ್ಲಿ ಕೂಸು ತೋಳಿಗೂ ಕುಶನ್ನಿಗೂ ನಡುವೆ ಜಾರಿ ಉಸಿರು ಕಟ್ಟೋ ಅಪಾಯ ಸೋಫಾದಲ್ಲಿ ಹಾಸಿಗೆಗಿಂತ ಬಹಳ ಹೆಚ್ಚು. ತೂಕಡಿಕೆ ಬರಬಹುದು ಅನಿಸಿದರೆ ದಿಂಬು, ರಜಾಯಿ ತೆಗೆದ ಗಟ್ಟಿ ಹಾಸಿಗೆ ಮೇಲೇ ಕೂತು ಕುಡಿಸಿ, ಎಚ್ಚರವಾದ ಕೂಡಲೇ ಮಗುವನ್ನ ಅದರ ತೊಟ್ಟಿಲಲ್ಲಿ ಅಂಗಾತ ಮಲಗಿಸಿ.

ಕಾರು ಓಡಿಸೋರಿಗೆ ಒಂದು ಮಾತು. ಅಮೆರಿಕದಲ್ಲಿ ಮಾರ್ಚಿನ ಬದಲಾವಣೆಯ ನಂತರದ ವಾರ ಸಾವು ತರೋ ರಸ್ತೆ ಅಪಘಾತಗಳು ಸುಮಾರು 6% ಏರ್ತವೆ ಅಂತ 2020ರ ಅಧ್ಯಯನ ತೋರಿಸಿದೆ. ಸೋಮವಾರ ಬೆಳಿಗ್ಗೆ ಡೇಕೇರ್‌ಗೆ ಬಿಡೋ ಕೆಲಸ ರಾತ್ರಿ ಹೆಚ್ಚು ಮಲಗಿದವರದ್ದು ಅಂತ ಭಾನುವಾರವೇ ಮಾತಾಡಿಕೊಳ್ಳಿ. ಡೈಪರ್ ಚೀಲ, ಬಟ್ಟೆ, ಊಟದ ಡಬ್ಬಿ ರಾತ್ರಿಯೇ ಬಾಗಿಲ ಬಳಿ ಇರಲಿ, ಬೆಳಿಗ್ಗೆ ಹೊರಡೋಕೆ ಹತ್ತು ನಿಮಿಷ ಹೆಚ್ಚು ಇಟ್ಟುಕೊಳ್ಳಿ. ಎರಡು ವಾರ ಕಳೆದರೂ ಮಗಳು ಹೊಂದಿಕೊಳ್ಳದಿದ್ದರೆ, ಗೊರಕೆ ಹೊಡೀತಿದ್ದರೆ, ನಿದ್ದೆಯಲ್ಲಿ ಉಸಿರು ತಡೆದು ತಡೆದು ಬರ್ತಿದ್ದರೆ ಅದು ಗಡಿಯಾರದ ತೊಂದರೆ ಅಲ್ಲ. ಮಲಗಿದ್ದಾಗ ಫೋನಿನಲ್ಲಿ ಒಂದು ನಿಮಿಷದ ವಿಡಿಯೋ ತೆಗೆದು ಮಕ್ಕಳ ಡಾಕ್ಟರಿಗೆ ತೋರಿಸಿ.